ವೆಲಿಚ್ಕಾ ಅಕ್ಕ ನೋಡದ ಸ್ಲೈಡು

ಸೆಪ್ಟೆಂಬರಿನ ಮೊದಲ ವಾರ. ಎರಡು ವರ್ಷದ ಬಾಣಂತಿ ರಜೆ ಮುಗಿಸಿ ನಾನು ಲ್ಯಾಬಿಗೆ ಮರಳಿದ ನಾಲ್ಕನೇ ದಿನ. ಎದುರಿನ ಕಟ್ಟಡದ ಬಾಲ್ಕನಿಗಳಲ್ಲಿ ಚಳಿಗಾಲದ ಡಬ್ಬಿಗಳಿಗೆಂದು ಕೆಂಪು ದಪ್ಪ ಮೆಣಸಿನಕಾಯಿ ಸುಡುತ್ತಿದ್ದರು. ಕಿಟಕಿ ಮುಚ್ಚಿದರೂ ಆ ವಾಸನೆ ಒಳಗೆ ಬಂದು, ನಮ್ಮ ಬಣ್ಣದ ದ್ರಾವಣಗಳ ಘಾಟಿನ ಜೊತೆ ಸೇರಿಕೊಂಡಿತ್ತು. ಹನ್ನೊಂದು ಗಂಟೆಗೆ ಮೇಲಿನ ವಾರ್ಡಿನಿಂದ ಮೂಳೆಮಜ್ಜೆಯ ಸ್ಲೈಡುಗಳ ತಟ್ಟೆ ಬಂತು. ವೆಲಿಚ್ಕಾ ಅಕ್ಕ ಕನ್ನಡಕ ಹಣೆಗೇರಿಸಿ, ಗಾಜಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಹೆಸರು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಒಂದು ಬೆರಳಿನಿಂದ ತಟ್ಟೆಯನ್ನು ನನ್ನ ಮೇಜಿನ ಕಡೆಗೆ ಮೆಲ್ಲಗೆ ತಳ್ಳಿದರು.

"ಇದು ನೀನು ನೋಡು, ರಾಲಿತ್ಸಾ."

"ಯಾಕಕ್ಕಾ, ಕಣ್ಣು ನೋಯ್ತಿದೆಯಾ?"

"ಕಣ್ಣಿಗೇನು ಧಾಡಿ? ನನ್ನವರದ್ದು ನಾನು ನೋಡಲ್ಲ. ಗೊತ್ತಲ್ಲ ನಿಂಗೆ."

ಗೊತ್ತಿತ್ತು. ನಾನು ಕೆಲಸಕ್ಕೆ ಸೇರಿದ ದಿನವೇ ಅವರು ಹೇಳಿಕೊಟ್ಟ ಮೊದಲ ಪಾಠ ಅದು. ಅಪ್ಪ, ಅಮ್ಮ, ಗಂಡ, ಮಗು, ಪಕ್ಕದ ಮನೆಯ ಗೆಳತಿ, ಯಾರದ್ದೇ ಆದರೂ ತನ್ನವರ ರಕ್ತವನ್ನು ತಾನೇ ಓದಬಾರದು. ಇನ್ನೊಬ್ಬರ ಮೇಜಿಗೆ ಕೊಡಬೇಕು. ಆಸೆ ಇರುವ ಕಣ್ಣು ಆಸೆಯನ್ನೇ ಎಣಿಸುತ್ತದೆ ಎನ್ನುತ್ತಿದ್ದರು. ಆದರೆ ವೆಲಿಚ್ಕಾ ಅಕ್ಕನಿಗೆ ನಾನು ಕಂಡಂತೆ ಯಾರೂ ಇರಲಿಲ್ಲ. ಮದುವೆಯಾದವರಲ್ಲ. ಅಣ್ಣ ತಮ್ಮಂದಿರಿಲ್ಲ. ಗಾಜಿನ ಮೇಲಿನ ಹೆಸರು ಓದಿದೆ: ಪ್ರೋದಾನ್ ಇಲ್ಕೋವ್, ಅರವತ್ತೇಳು ವರ್ಷ.

"ಇವರು ನಿಮಗೇನಾಗಬೇಕು?"

"ಏನೂ ಆಗಿಲ್ಲ," ಅಂದರು. "ಅದೇ ತಾಪತ್ರಯ."

ಅಷ್ಟು ಹೇಳಿ ನನಗೆ ಬೆನ್ನು ಮಾಡಿ ಕುಳಿತರು. ನಮ್ಮ ಎರಡು ಮೇಜುಗಳು ಹಾಗೇ ಇವೆ, ಬೆನ್ನಿಗೆ ಬೆನ್ನು. ನಾನು ಎಣ್ಣೆಯ ಹನಿ ಹಾಕಿ ಮಸೂರ ಇಳಿಸಿದೆ. ಐದು ನಿಮಿಷವೂ ಬೇಕಾಗಲಿಲ್ಲ. ಎತ್ತ ಸರಿಸಿದರೂ ಒಂದೇ ಮುಖ: ದೊಡ್ಡ ದುಂಡು ಕೋಶಕೇಂದ್ರ, ಸುತ್ತ ತೆಳ್ಳಗೆ ನೀಲಿ ಅಂಚು, ಬೆಳೆಯುವುದನ್ನೇ ಮರೆತ ಎಳೆಕಣಗಳು. ರಕ್ತದ ಕ್ಯಾನ್ಸರ್. ಎಂಟು ಗುಂಡಿಗಳ ನಮ್ಮ ಹಳೆಯ ಎಣಿಕೆ ಯಂತ್ರದಲ್ಲಿ ಎಡತುದಿಯ ಗುಂಡಿ ಈ ಎಳೆಕಣಗಳಿಗೆ ಮೀಸಲು. ಅದರ ಸ್ಪ್ರಿಂಗ್ ಗಟ್ಟಿಯಾಗಿರುವುದರಿಂದ ಉಳಿದವು 'ಟಿಕ್' ಅಂದರೆ ಅದೊಂದು ಮಾತ್ರ 'ಟಕ್' ಅನ್ನುತ್ತದೆ. ಟಕ್, ಟಕ್, ಟಕ್. ನನ್ನ ಬೆನ್ನ ಹಿಂದೆ ವೆಲಿಚ್ಕಾ ಅಕ್ಕ ಒಂದು ಪುಟವನ್ನೂ ತಿರುವಲಿಲ್ಲ. ನಾನು ಬಾಯಿ ಬಿಟ್ಟು ಹೇಳುವ ಮೊದಲೇ ಅವರು ಎಲ್ಲ ಕೇಳಿಸಿಕೊಂಡಿದ್ದರು.

ಅವರ ಕತೆ ನನಗೆ ಸಿಕ್ಕಿದ್ದು ಆಮೇಲಿನ ನಾಲ್ಕು ವಾರಗಳಲ್ಲಿ, ತುಂಡು ತುಂಡಾಗಿ, ಹೆಚ್ಚಾಗಿ ತಾಮ್ರದ ಪುಟ್ಟ ಪಾತ್ರೆಯಲ್ಲಿ ಕಾಫಿ ಕುದಿಯುವಷ್ಟು ಹೊತ್ತಿನಲ್ಲಿ. ಮನೆಗೆ ಹೋಗಿ, ಮಗಳು ಕಾಲಿನಾಳನ್ನು ಮಲಗಿಸಿ, ಅಷ್ಟಷ್ಟನ್ನೇ ಡೈರಿಯಲ್ಲಿ ಬರೆದಿಟ್ಟೆ. ಈಗ ಅವನ್ನು ಜೋಡಿಸುತ್ತಿದ್ದೇನೆ.

ವೆಲಿಚ್ಕಾ ಅಕ್ಕ ನಮ್ಮ ರುಸೆ ಊರಿನವರೇ. ತಂದೆ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವರು ಪ್ರೋದಾನನನ್ನು ಕಂಡದ್ದು ಅಲ್ಲೇ. ಆತ ಡ್ಯಾನ್ಯೂಬ್ ನದಿಯಲ್ಲಿ ಸರಕಿನ ದೋಣಿಗಳನ್ನು ಎಳೆಯುವ ಹಡಗಿನ ಕೆಲಸಗಾರ. ಹೊರಟರೆ ವಿಯೆನ್ನಾ ತನಕ, ಒಂದೂವರೆ ತಿಂಗಳು. ಹಡಗು ಊರು ಮುಟ್ಟುವ ಮೊದಲು ಮೂರು ಸಲ ಕೂಗುತ್ತಿತ್ತಂತೆ. ಆ ಕೂಗು ಕೇಳಿದರೆ ಇವರು ಮಾಡುತ್ತಿದ್ದ ಅಡಿಗೆಯನ್ನು ಒಲೆಯ ಮೇಲೇ ಬಿಟ್ಟು ಓಡುತ್ತಿದ್ದರು.

"ಎಷ್ಟು ಸಲ ಸೀದುಹೋಯ್ತು ಅಕ್ಕಾ?"

"ಎಣಿಸಿಲ್ಲ. ಆಗಿನ್ನೂ ಎಣಿಸೋ ಕೆಲಸ ಸಿಕ್ಕಿರಲಿಲ್ಲ."

ಒಂದು ವಸಂತದಲ್ಲಿ ಹಡಗು ಬಂತು, ಪ್ರೋದಾನ್ ಬರಲಿಲ್ಲ. ಆ ಸಲ ಹಡಗು ಹೋಗಿದ್ದ, ನದಿಯ ಕೆಳಹರಿವಿನ ಬ್ರಯಿಲಾ ಬಂದರಿನಲ್ಲಿ ಇಳಿದುಕೊಂಡನೆಂದು ಜೊತೆಗಾರರು ಹೇಳಿದರು. ಅಲ್ಲಿ ಒಬ್ಬ ಹುಡುಗಿ, ಅವಳ ಹೊಟ್ಟೆಯಲ್ಲಿ ಮಗು. ಒಂದು ಕಾಗದ ಬಂತು, ಅರ್ಧ ಪುಟ. ವೆಲಿಚ್ಕಾ ಅಕ್ಕ ಅದಕ್ಕೆ ಉತ್ತರ ಬರೆಯಲಿಲ್ಲ. ಲ್ಯಾಬ್ ತರಬೇತಿ ಮುಗಿಸಿ ಈ ಮೇಜಿಗೆ ಬಂದು ಕುಳಿತರು. ಅದಾಗಿ ಮೂವತ್ತೆಂಟು ವರ್ಷ.

ಈ ಮೂವತ್ತೆಂಟು ವರ್ಷದಲ್ಲಿ ಅವರು ನೋಡಿದ ಕಣಗಳನ್ನು ಯಾರೂ ಲೆಕ್ಕ ಹಾಕಲಾರರು. ಕ್ಯಾಮೆರಾ ಇಲ್ಲದ ಕಾಲದಲ್ಲಿ ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದ ಹನ್ನೊಂದು ನೋಟುಬುಕ್ಕುಗಳಿವೆ. ನನಗೆ ಕಣಗಳ ಪರಿಚಯವಾದದ್ದು ಪುಸ್ತಕದಿಂದಲ್ಲ, ಅವರ ಮಾತಿನಿಂದ. "ಈ ದುಂಡುಮುಖದೋನು ಲಿಂಫೋಸೈಟ್, ಮೈಯೆಲ್ಲ ತಲೆಯೇ. ಇವನು ಮಾನೋಸೈಟ್, ಹುರುಳಿಕಾಯಿ ಬೀಜ ನುಂಗಿದೋನ ಹಾಗೆ ಕಾಣ್ತಾನೆ. ಇವಳ ಒಳಗೆ ದಾಳಿಂಬೆ ಒಡೆದ ಹಾಗಿದೆ ನೋಡು, ಇವಳು ಇಯೋಸಿನೋಫಿಲ್." ಮಜ್ಜೆಯಲ್ಲಿ ಮಾತ್ರ ಕಾಣುವ ದೈತ್ಯ ಕಣವೊಂದಿದೆ. ರಕ್ತ ಹೆಪ್ಪುಗಟ್ಟಿಸುವ ಚೂರುಗಳು ಅದರಿಂದಲೇ ಉದುರುವುದು. ಅದನ್ನು ಅವರು 'ದೊಡ್ಡದು' ಎನ್ನುತ್ತಾರೆ ಅಷ್ಟೇ. ಮೇಲಿನ ವಾರ್ಡಿಗೆ ಒಮ್ಮೆಯೂ ಹೋದವರಲ್ಲ. ಗುಣವಾದವರು ಕೈಯಲ್ಲಿ ಹುಳಿಚೆರ್ರಿ ಜಾಮಿನ ಡಬ್ಬಿ ಹಿಡಿದು ಲ್ಯಾಬಿನ ಬಾಗಿಲಿಗೆ ಬಂದರೆ ನನ್ನನ್ನು ಮುಂದೆ ದೂಡುತ್ತಿದ್ದರು. "ಮುಖ ನೋಡಿಬಿಟ್ರೆ ಮುಂದಿನ ಸಲ ಸ್ಲೈಡಲ್ಲಿ ಮುಖವೇ ಕಾಣುತ್ತೆ ಕಣೇ."

ಹೀಗಿರುವಾಗ ಎರಡು ವರ್ಷದ ಹಿಂದೆ ಪ್ರೋದಾನ್ ಊರಿಗೆ ಮರಳಿದ. ಹೆಂಡತಿ ತೀರಿಕೊಂಡಿದ್ದಳು, ಮಗಳು ಅಲ್ಲೇ ಸಂಸಾರ ಹೂಡಿದ್ದಳು. ಒಂದು ಭಾನುವಾರ ನದೀತೀರದಲ್ಲಿ ಸೂರ್ಯಕಾಂತಿ ಬೀಜ ಬಿಡಿಸುತ್ತ ಕುಳಿತಿದ್ದವನನ್ನು ಇವರು ಹಿಂದಿನಿಂದಲೇ ಗುರುತು ಹಿಡಿದರು.

"ನಲವತ್ತು ವರ್ಷ ಆದಮೇಲೂ? ಹಿಂದಿನಿಂದ?"

"ಗುರುತು ಹಿಡಿಯೋದೇ ನನ್ನ ಕಸುಬಲ್ವೇನೇ? ಕೂದಲು ಹೋಗಿತ್ತು, ಭುಜ ಬಿದ್ದಿತ್ತು. ಆದ್ರೆ ಸಿಪ್ಪೆ ಉಗುಳೋ ರೀತಿ ಅದೇ."

ಅಂದಿನಿಂದ ಭಾನುವಾರಗಳೆಲ್ಲ ಅವರಿಬ್ಬರದಾದವು. ಒಂದು ಕಾಫಿ, ಒಂದು ಸುತ್ತು ನಡಿಗೆ, ಅವನ ಬಾಯಲ್ಲಿ ನದಿಯ ಕತೆ, ಇವರ ಬಾಯಲ್ಲಿ ಬೈಗುಳ. ಈ ವರ್ಷ ಏಪ್ರಿಲಿನಲ್ಲಿ ಅವನು ಕೇಳಿದ: ನನ್ನ ಮನೆಯಲ್ಲಿ ಅಡಿಗೆಮನೆ ಮೇಜಿಗೆ ಎರಡು ಕುರ್ಚಿ ಇವೆ, ಒಂದರ ಮೇಲೆ ಬರೀ ಪೇಪರು ಪೇರಿಸಿಟ್ಟಿದ್ದೇನೆ, ತೆಗೆಯಲೇ? ವೆಲಿಚ್ಕಾ ಅಕ್ಕ ಹೇಳಿದ್ದು ಇಷ್ಟು: "ಡಿಸೆಂಬರಿನಲ್ಲಿ ನಂಗೆ ನಿವೃತ್ತಿ. ಆಗ ಹೇಳ್ತೀನಿ."

"ಅಯ್ಯೋ, ಆಗಲೇ ಹೂಂ ಅನ್ನಬಾರದಿತ್ತಾ?"

"ನಾನು ಅಷ್ಟು ವರ್ಷ ಕಾದಿದೀನಿ. ಎಂಟು ತಿಂಗಳು ಅವನೂ ಕಾಯ್ಲಿ ಅಂತ." ಕಾಫಿ ಉಕ್ಕಿತು. ಅವರು ಪಾತ್ರೆ ಕೆಳಗಿಳಿಸಲಿಲ್ಲ, ನಾನೇ ಇಳಿಸಿದೆ. "ಸೇಡು ಅನ್ಕೊಂಡೆ ಕಣೇ. ಎಂಟು ತಿಂಗಳು ಅಂದ್ರೆ ಎಷ್ಟು ಉದ್ದ ಅಂತ ಯಾರಿಗೆ ಗೊತ್ತಿತ್ತು?"

ಅವನಿಗೆ ಔಷಧಿ ಶುರುವಾಯಿತು. ಏಳು ದಿನ ಹಗಲೂ ರಾತ್ರಿ ನರದಲ್ಲಿ ಇಳಿಸಿದರು. ಆ ಔಷಧಿ ಕೆಟ್ಟದ್ದರ ಜೊತೆ ಒಳ್ಳೆಯದನ್ನೂ ಗುಡಿಸಿ ಹಾಕುತ್ತದೆ. ಮಜ್ಜೆ ಬರಿದಾಗುತ್ತದೆ. ಆಮೇಲೆ ಇರುವುದು ಕಾಯುವುದೊಂದೇ. ಇಪ್ಪತ್ತೆಂಟನೇ ದಿನ ಸೊಂಟದ ಮೂಳೆಯಿಂದ ಮತ್ತೆ ಮಜ್ಜೆ ತೆಗೆದು ನೋಡುತ್ತಾರೆ. ಖಾಲಿ ಹೊಲದಲ್ಲಿ ಮೊದಲು ಮೊಳೆತದ್ದು ಬೆಳೆಯೋ ಕಳೆಯೋ ಎಂದು ಹೇಳಬೇಕಾದವರು ನಾವು.

ಆ ದಿನಗಳಲ್ಲಿ ಬೆಳಿಗ್ಗೆ ಶಿಶುವಿಹಾರದ ಬಾಗಿಲಲ್ಲಿ ಕಾಲಿನಾ ನನ್ನ ಕೋಟಿನ ಗುಂಡಿ ಹಿಡಿದು ಅಳುತ್ತಿದ್ದಳು. ಬೆರಳು ಬಿಡಿಸಿಕೊಂಡು ಬರುವುದೇ ಒಂದು ಕೆಲಸ. ಅಳು ಮುಖದಲ್ಲೇ ನಾನು ಲ್ಯಾಬಿಗೆ ಬಂದರೆ ವೆಲಿಚ್ಕಾ ಅಕ್ಕ, "ಬಂದಳು ನೋಡು, ಯಾರು ಯಾರನ್ನ ಬಿಟ್ಟು ಬಂದ್ರೋ ಗೊತ್ತಾಗಲ್ಲ," ಎಂದು ಅಣಕಿಸಿ ಒಂದು ಬಿಸ್ಕತ್ತು ಕೊಡುತ್ತಿದ್ದರು. ಪ್ರೋದಾನ್ ಇರುವುದು ಗಾಜಿನ ಕೋಣೆಯಲ್ಲಿ. ರಕ್ತದಲ್ಲಿ ಬಿಳಿಕಣಗಳ ಎಣಿಕೆ ಐನೂರು ದಾಟುವ ತನಕ ಹೊರಗಿನವರನ್ನು ಯಾರನ್ನೂ ಒಳಗೆ ಬಿಡುವಂತಿಲ್ಲ. ಅಲ್ಲಿ ಫೋನಿದೆ. ಆದರೆ ಅವರು ಫೋನನ್ನೂ ಮಾಡಲಿಲ್ಲ. "ಧ್ವನಿ ಕೇಳಿಬಿಟ್ರೆ ಡಿಸೆಂಬರ್ ತನಕ ತಡೆಯೋದು ಕಷ್ಟ," ಅಂದರು. ತಡೆದುಕೊಳ್ಳಲಾಗದ್ದು ಅಳುವೋ, ಉತ್ತರವೋ, ನಾನು ಕೇಳಲಿಲ್ಲ.

ಇಪ್ಪತ್ತೆಂಟನೇ ದಿನ, ಅಕ್ಟೋಬರ್ ಆರು. ಕಾಲಿನಾಳಿಗೆ ನೆಗಡಿ, ನಾನು ಲ್ಯಾಬಿಗೆ ಇಪ್ಪತ್ತು ನಿಮಿಷ ತಡ. ಒಳಗೆ ಕಾಲಿಡುತ್ತಲೇ ಜಾರಿದೆ. ಹೊಸಿಲಿನ ಮೇಲೆಲ್ಲ ನೀರು.

"ಇದ್ಯಾರು ಹೀಗೆ ಚೆಲ್ಲಿದ್ದು? ಬೀಳ್ತಿದ್ದೆ!"

"ಒರೆಸ್ತಾರೆ ಬಿಡು," ಅಂದರು ವೆಲಿಚ್ಕಾ ಅಕ್ಕ, ನನ್ನ ಕಡೆ ತಿರುಗದೆ.

ಮಜ್ಜೆ ತೆಗೆಯುವ ಕೋಣೆ ನಮ್ಮ ಲ್ಯಾಬಿನ ಎದುರಿಗೇ ಇದೆ. ಒಂಬತ್ತೂವರೆಗೆ ಆರು ಸ್ಲೈಡು ಬಂದವು. ರಕ್ತದ ಎಣಿಕೆಯನ್ನು ಈಗ ಯಂತ್ರ ಮಾಡುತ್ತದೆ. ಮಜ್ಜೆಗೆ ಬಣ್ಣ ಹಾಕುವುದು ಮಾತ್ರ ಇನ್ನೂ ಕೈಯಿಂದಲೇ. ನಾಲ್ಕಕ್ಕೆ ಬಣ್ಣ ಹಾಕಿ ಎರಡನ್ನು ಹಾಗೇ ಒಣಗಿಸಿ ಇಡುವುದು ವೆಲಿಚ್ಕಾ ಅಕ್ಕನ ಪದ್ಧತಿ. ಬಣ್ಣದ ಮೇಲೆ ಬಫರ್ ನೀರು ಹಾಕಬೇಕು. ಭಟ್ಟಿಯಿಳಿಸಿದ ನೀರಿಗೆ ಅಳತೆಯ ಮಾತ್ರೆ ಹಾಕಿ ಹದ ಮಾಡಿದ್ದು. ಹುಳಿ ಹೆಚ್ಚಾದರೆ ಎಲ್ಲ ಕೆಂಪಡರುತ್ತದೆ, ಕ್ಷಾರ ಹೆಚ್ಚಾದರೆ ಎಲ್ಲ ನೀಲಿಗಟ್ಟುತ್ತದೆ. ಶೆಲ್ಫಿನ ಬಾಟಲಿ ತುಂಬಿತ್ತು, ಹಿಂದಿನ ದಿನದ ತಾರೀಕಿನ ಚೀಟಿ ಅಂಟಿತ್ತು. ನನಗೆ ಅನುಮಾನ ಬರಲು ಕಾರಣವಿರಲಿಲ್ಲ. ಬಣ್ಣ ಹಾಕಿದೆ, ತೊಳೆದೆ, ಒಣಗಿಸಿದೆ, ಕುಳಿತೆ.

ಮಸೂರ ಇಳಿಸಿದೆ. ಮಜ್ಜೆ ಖಾಲಿ ಇರಲಿಲ್ಲ, ತುಂಬಿತ್ತು. ಆದರೆ ತುಂಬಿದ್ದದ್ದು ನೀಲಿ. ದೊಡ್ಡ ದೊಡ್ಡ ನೀಲಿ ಕಣಗಳು, ಕೇಂದ್ರ ಕಪ್ಪಗೆ ಹೆಪ್ಪುಗಟ್ಟಿದಂತೆ. ಎಳೆಕಣಗಳೇ? ಎಡತುದಿಯ ಗುಂಡಿ ಒತ್ತಿದೆ. ಟಕ್. ಮುಂದಿನದು, ಅದೂ. ಟಕ್. ಒಂದು ಟಿಕ್, ಮತ್ತೆ ಎರಡು ಟಕ್. ಎರಡು ವರ್ಷ ಕಣ್ಣಿಗೆ ಅಭ್ಯಾಸ ತಪ್ಪಿದೆ, ನಾನೇ ತಪ್ಪು ನೋಡುತ್ತಿರಬೇಕು ಅಂದುಕೊಂಡು ಜಾಗ ಬದಲಿಸಿದೆ. ಅಲ್ಲೂ ನೀಲಿ. ನೂರಾದಾಗ ಯಂತ್ರ ಗಂಟೆ ಬಾರಿಸಿತು. ಮೂವತ್ತನಾಲ್ಕು. ನೂರಕ್ಕೆ ಐದಕ್ಕಿಂತ ಕಡಿಮೆ ಇದ್ದರೆ ಬದುಕು ಮರಳಿತೆಂದು ಅರ್ಥ. ನೂರಕ್ಕೆ ಮೂವತ್ತನಾಲ್ಕು ಅಂದರೆ ಕಾಯಿಲೆ ಕದಲಿಲ್ಲ.

ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟಲಿಲ್ಲ. ನಾನು ಕೈಯನ್ನು ಗುಂಡಿಗಳ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಇನ್ನೊಂದು ಟಕ್ ಅವರ ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು.

ಅವರು ತಿರುಗದೆಯೇ ಕೇಳಿದರು. "ಯಾಕೆ ನಿಲ್ಲಿಸಿದೆ?"

"ಏನಿಲ್ಲ ಅಕ್ಕಾ. ಕಣ್ಣುಜ್ಜಿಕೊಳ್ತಿದ್ದೆ."

"ರಾಲಿತ್ಸಾ. ಕೆಂಪುಕಣಗಳು ಯಾವ ಬಣ್ಣ?"

ಅಂಥ ಪ್ರಶ್ನೆಯನ್ನು ಅವರು ತರಬೇತಿಯ ಹುಡುಗಿಯರಿಗೂ ಕೇಳುತ್ತಿರಲಿಲ್ಲ. ಕೆಂಪುಕಣಗಳನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವು ಹಿಂದಿನ ಗೋಡೆ ಇದ್ದ ಹಾಗೆ. ಮತ್ತೆ ಬಗ್ಗಿ ನೋಡಿದೆ. ತಿಳಿಗುಲಾಬಿ ಇರಬೇಕಾಗಿದ್ದವು.

"ಬೂದಿ," ಅಂದೆ. "ಬೂದಿಹಸಿರು."

ಕುರ್ಚಿ ಕಿರುಗುಟ್ಟಿತು. ವೆಲಿಚ್ಕಾ ಅಕ್ಕ ಎದ್ದು ಶೆಲ್ಫಿನ ಹತ್ತಿರ ಹೋದರು. ಬಾಟಲಿ ತೆಗೆದು, ಅದರಲ್ಲಿ ಹುಳಿ-ಕ್ಷಾರ ತೋರಿಸುವ ಕಾಗದದ ಒಂದು ಚೂರು ಅದ್ದಿ, ಬೆಳಕಿಗೆ ಹಿಡಿದರು. ಅವರ ಕಿವಿಗಳು ಕೆಂಪಾಗುವುದನ್ನು ನಾನು ಅದೇ ಮೊದಲು ಕಂಡದ್ದು.

"ನಲ್ಲಿ ನೀರು," ಅಂದರು. "ನಾನೇ ತುಂಬಿಸಿದ್ದು."

"ನೀವಾ?"

"ಬೆಳಿಗ್ಗೆ ಮಜ್ಜೆ ತೆಗೆಯೋಕೆ ಅಂತ ಬಾಯಿಗೆ ಮಾಸ್ಕ್ ಕಟ್ಟಿ, ಗಾಲಿ ಕುರ್ಚಿಲಿ ಅವನನ್ನ ಎದುರಿನ ಕೋಣೆಗೆ ಕರ್ಕೊಂಡು ಬಂದ್ರು. ಬಾಗಿಲು ತೆರೆದಿತ್ತು. ನಾನು ನೋಡಬಾರದು ಅಂತಲೇ ಬೆನ್ನು ಮಾಡಿ ನಿಂತಿದ್ದೆ ಕಣೇ. ಕೆಮ್ಮಿದ. ಕೆಮ್ಮು ಕೇಳಿ ತಿರುಗಿಬಿಟ್ಟೆ. ಒಂದು ಟೊಪ್ಪಿ ಹಾಕಿದ್ರು ತಲೆಗೆ, ಮಗು ಥರ. ಪರೀಕ್ಷೆಗೆ ಹೋಗೋ ಮಗೂನ ನೀರು ಚೆಲ್ಲದೆ ಕಳಿಸ್ತಾರಾ ಯಾರಾದ್ರೂ? ಕೈಗೆ ಸಿಕ್ಕಿದ ಬಾಟಲಿ ತಗೊಂಡು ಹೊಸಿಲ ಮೇಲೆ ಸುರಿದುಬಿಟ್ಟೆ."

ನಮ್ಮಲ್ಲಿ ಮುಖ್ಯ ಕೆಲಸಕ್ಕೆ ಹೊರಟವರ ಮುಂದೆ ಹೊಸಿಲಿಗೆ ನೀರು ಚೆಲ್ಲುತ್ತೇವೆ, ನೀರಿನ ಹಾಗೆ ಸಲೀಸಾಗಿ ಆಗಲೆಂದು. ನಾನೂ ಕಾಲಿನಾ ಶಿಶುವಿಹಾರಕ್ಕೆ ಹೋದ ಮೊದಲ ದಿನ ಚೆಲ್ಲಿದ್ದೆ. ಆದರೆ ಬಫರ್ ನೀರು! ಹನಿ ಹೆಚ್ಚು ಕಡಿಮೆಯಾದರೆ ನಮ್ಮನ್ನು ಬೈದು ಭಂಗಿಸುವ ಹೆಂಗಸು!

"ಆಮೇಲೆ ಖಾಲಿ ಬಾಟಲಿ ನೋಡಿದ್ರೆ ನೀನು ಕೇಳ್ತೀಯ ಅಂತ ನಲ್ಲಿ ಕೆಳಗೆ ಹಿಡಿದೆ. ನೀನು ಬರೋದ್ರೊಳಗೆ ಚೆಲ್ಲಿ ಹೊಸದು ಮಾಡೋಣ ಅಂತಿದ್ದೆ. ಅಷ್ಟರಲ್ಲಿ ಒಳಗಿಂದ ಅವನು 'ಅಮ್ಮಾ' ಅಂದಿದ್ದು ಕೇಳಿಸ್ತು. ಸೂಜಿ ಹಾಕಿರಬೇಕು." ಅವರು ಮೇಜಿನ ಅಂಚು ಹಿಡಿದುಕೊಂಡರು. "ಆಮೇಲೆ ನಂಗೆ ಯಾವುದೂ ನೆನಪಿಲ್ಲ."

ನಮ್ಮ ಊರಿನ ನೀರು ಗಡಸು. ಕೆಟಲ್ಲಿನ ತಳದಲ್ಲಿ ಸುಣ್ಣ ಕಟ್ಟುತ್ತದೆ. ಅಂಥ ನೀರು ಬಿದ್ದರೆ ಎಲ್ಲ ಕಣಗಳೂ ನೀಲಿಗಟ್ಟಿ, ಬೆಳೆದವೂ ಎಳೆಯವಂತೆ ಕಾಣುತ್ತವೆ. ನನಗೆ ಒಮ್ಮೆಲೇ ನಗುವೂ ಅಳುವೂ ಬಂತು. ಆದರೆ ಎರಡಕ್ಕೂ ಹೊತ್ತಿರಲಿಲ್ಲ. ಬಣ್ಣ ಹಾಕದ ಎರಡು ಸ್ಲೈಡು ಉಳಿದಿದ್ದವು.

"ಅವು ಕೆಟ್ರೆ?" ಅಂದರು.

"ಕೆಡಲ್ಲ. ನೀವು ಕೂತ್ಕೊಳ್ಳಿ. ಬಾಟಲಿ ಮುಟ್ಟಬೇಡಿ."

"ಓಹೋ, ನಂಗೇ ಆರ್ಡರ್ ಮಾಡ್ತೀಯಾ?"

"ಇವತ್ತೊಂದು ದಿನ."

ಹೊಸ ಬಫರ್ ಮಾಡಿ, ಎರಡು ಸಲ ಅಳೆದು, ಬಣ್ಣ ಹಾಕಿ ಕಾದೆ. ನಲವತ್ತು ನಿಮಿಷ. ಒಮ್ಮೆ ಅವರು ತಮ್ಮಷ್ಟಕ್ಕೆ ಅಂದರು, "ಆ ಹಡಗು ಮೂರು ಸಲ ಕೂಗ್ತಿತ್ತು. ಮೊದಲನೇ ಕೂಗಿಗೂ ಮೂರನೇ ಕೂಗಿಗೂ ನಡುವೆ ಎಷ್ಟು ಹೊತ್ತು ಹಿಡೀತಿತ್ತು ಗೊತ್ತಾ..."

ಸ್ಲೈಡು ಒಣಗಿತು. ಎಣ್ಣೆಯ ಹನಿ. ಮಸೂರ ಇಳಿಸಿದೆ. ಕೆಂಪುಕಣಗಳು ಗುಲಾಬಿ.

ಆಮೇಲೆ ನಾನು ಕಂಡದ್ದನ್ನು ಹೇಗೆ ಬರೆಯಲಿ? ನೀಲಿ ಮುಖಗಳೆಲ್ಲ ಒಂದೊಂದು ವಯಸ್ಸಿನವಾಗಿ ಬೇರೆಯಾದವು. ಎಳೆಯದು, ಅದರ ಪಕ್ಕದಲ್ಲಿ ಒಡಲ ತುಂಬ ಕಾಳುಕಾಳು ತುಂಬಿಕೊಂಡದ್ದು, ಅದಕ್ಕಿಂತ ಬೆಳೆದು ಕೇಂದ್ರ ಬಾಗಿಸಿಕೊಂಡದ್ದು, ತುಂಡುತುಂಡಾದ ಕೇಂದ್ರದ ಬಲಿತ ಬಿಳಿಕಣ. ಒಂದು ಶಾಲೆಯ ಎಲ್ಲ ತರಗತಿಗಳೂ ತೆರೆದುಕೊಂಡ ಹಾಗೆ. ಟಿಕ್, ಟಿಕ್, ಟಿಕ್, ಟಿಕ್. ಬಹಳ ಹೊತ್ತಿಗೊಂದು ಟಕ್. ಪ್ರತಿ ಟಕ್ಕಿಗೂ ಹಿಂದಿನ ಕುರ್ಚಿಯಲ್ಲಿ ಉಸಿರು ನಿಲ್ಲುವುದು ನನಗೆ ಗೊತ್ತಾಗುತ್ತಿತ್ತು. ಯಂತ್ರ ಐದು ಸಲ ಗಂಟೆ ಬಾರಿಸುವ ತನಕ ಎಣಿಸಿದೆ.

"ಐನೂರಕ್ಕೆ ಒಂಬತ್ತು," ಅಂದೆ. "ನೂರಕ್ಕೆ ಎರಡೂ ಇಲ್ಲ."

"ದೊಡ್ಡದು ಇದೆಯಾ?"

"ಮೂರು ಕಂಡೆ."

"ಮೂರು," ಅಂದರು. ಅಷ್ಟೇ.

ನೀರಿನ ವಿಷಯವನ್ನು ವೆಲಿಚ್ಕಾ ಅಕ್ಕ ತಾವೇ ನೋಂದಣಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ರಕ್ತರೋಗ ವಿಭಾಗದ ಡಾಕ್ಟರ್ ತೋನೆವ್ ಬಂದು, ಅದನ್ನೂ ಓದಿ, ಹೊಸ ಸ್ಲೈಡನ್ನು ತಾವೂ ನೋಡಿ, ನನ್ನ ವರದಿಗೆ ಸಹಿ ಮಾಡಿದರು. ಹುಬ್ಬೇರಿಸಿದರು. ಅವರು ಹೋದ ಮೇಲೆ ನಾನು ಎದ್ದು ನಿಂತೆ.

"ಈಗ ಸಹಿ ಆಯ್ತು. ಇನ್ನು ನೀವು ಏನು ನೋಡಿದ್ರೂ ಲೆಕ್ಕ ಬದಲಾಗಲ್ಲ. ಬನ್ನಿ, ಕೂತ್ಕೊಳ್ಳಿ."

ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಜೇಬಿಗಿಟ್ಟು, ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡು, ಬಗ್ಗಿದರು. ಸ್ಲೈಡು ಸರಿಸುವ ತಿರುಪನ್ನು ಅಷ್ಟು ನಿಧಾನವಾಗಿ ತಿರುಗಿಸಿದ್ದನ್ನು ನಾನು ಕಂಡಿಲ್ಲ. ಎಲ್ಲೋ ಒಂದು ಕಡೆ ನಿಲ್ಲಿಸಿದರು. "ಬಾ ಇಲ್ಲಿ." ನಾನು ಬಗ್ಗಿ ನೋಡಿದೆ: ನಡುವೆ ಒಂದು ಅಗಲವಾದ ತಾಯಿಕಣ, ಸುತ್ತ ಅದಕ್ಕೆ ಅಂಟಿಕೊಂಡು ಏಳೆಂಟು ಎಳೆಯ ಕೆಂಪುಕಣಗಳು. ಅದು ಅವಕ್ಕೆ ಕಬ್ಬಿಣ ಉಣಿಸುವ ಹೊತ್ತು. "ಊಟಕ್ಕೆ ಕೂರಿಸಿದಾಳೆ ನೋಡು ಎಲ್ರನ್ನೂ," ಅಂದರು. ಮತ್ತೆ ತಾವೇ ಬಗ್ಗಿ, ತುಂಬ ಹೊತ್ತಿನ ಮೇಲೆ: "ಇಷ್ಟು ವರ್ಷ ಯಾರ್ಯಾರ ಒಳಗೋ ಇಣುಕಿದೆ. ಇವನ ಒಳಗೆ ಇವತ್ತು."

ಹಾಗೆಂದವರು ಎದ್ದು ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದರು. ವರದಿ ಕೊಡಲು ನಾನು ಹೊರಟಿದ್ದೆ. ಅವರೂ ಜೊತೆಗೆ ಮೆಟ್ಟಿಲು ಹತ್ತಿದರು.

ಗಾಜಿನ ಆಚೆ ಅವನು ದಿಂಬಿಗೆ ಒರಗಿ ಕುಳಿತಿದ್ದ. ತಲೆ ಬೋಳು, ಹುಬ್ಬೂ ಇಲ್ಲ, ತಲೆಗೆ ಅದೇ ಟೊಪ್ಪಿ. ಇವರನ್ನು ಕಂಡು ಗಾಬರಿಯಾಗಿ ಗೋಡೆಯ ಫೋನ್ ಎತ್ತಿದ. ಈಚೆಯ ಫೋನಿನ ಧ್ವನಿ ದೊಡ್ಡದು, ನನಗೂ ಕೇಳಿಸುತ್ತಿತ್ತು.

"ನೀನು ಮೇಲೆ ಬಂದಿದೀಯ! ಅಷ್ಟು ಕೆಟ್ಟಿದೆಯಾ ನಂದು?"

"ಬಾಯ್ಮುಚ್ಚು. ಚೆನ್ನಾಗಿದೆ."

"ಮತ್ತೆ ಮುಖ ಯಾಕೆ ಹಾಗಿಟ್ಕೊಂಡಿದೀಯ?"

"ಪ್ರೋದಾನ್, ನಾನು ಡಿಸೆಂಬರ್ ಅಂದಿದ್ನಲ್ಲ..."

"ಹೂಂ. ಕಾಯ್ತಾ ಇದೀನಿ. ಎಲ್ಲೂ ಹೋಗಿಲ್ಲ ನೋಡು ಈ ಸಲ."

ವೆಲಿಚ್ಕಾ ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ಆ ಕುರ್ಚಿ ಮೇಲಿನ ಪೇಪರ್ ತೆಗೀಬೇಕು. ನಿನ್ನ ಮನೆ ಬೀಗದ ಕೈ ಎಲ್ಲಿದೆ?"

ಅವನು ಫೋನನ್ನು ಎದೆಗಿಟ್ಟುಕೊಂಡು ಇವರನ್ನೇ ನೋಡಿದ. ಒಳಗಿದ್ದ ನರ್ಸ್ ಅವನ ಭುಜ ತಟ್ಟಿ, "ಕೇಳ್ತಿದಾರೆ, ಹೇಳಿ ಅಜ್ಜ," ಅಂದದ್ದು ನಮಗೂ ಕೇಳಿತು. ನಾಲ್ಕು ಹೆಜ್ಜೆ ದೂರ, ನಡುವೆ ಒಂದು ಗಾಜು. ನನಗೆ ಶಿಶುವಿಹಾರಕ್ಕೆ ಹೊತ್ತಾಗಿತ್ತು. ನಾನು ಅವರನ್ನು ಅಲ್ಲೇ ಬಿಟ್ಟು ಇಳಿದೆ.

ಇನ್ನೂ ಮೂರು ಸುತ್ತು ಔಷಧಿ ಇದೆ. ಕಾಯಿಲೆ ಮರಳುವುದಿಲ್ಲವೆಂದು ಡಾಕ್ಟರ್ ತೋನೆವ್ ಮಾತು ಕೊಟ್ಟಿಲ್ಲ, ಕೊಡುವವರೂ ಅಲ್ಲ. ಮಜ್ಜೆ ಎದ್ದಿದೆ, ಆದರೆ ಬಿಳಿಕಣಗಳು ರಕ್ತಕ್ಕೆ ಇಳಿಯಲು ಇನ್ನೂ ಕೆಲವು ದಿನ ಬೇಕು. ಅಲ್ಲಿಯ ತನಕ ಗಾಜಿನ ಬಾಗಿಲು ತೆರೆಯುವುದಿಲ್ಲ. ಅವನ ರಕ್ತದ ಚೀಟಿಯನ್ನು ವೆಲಿಚ್ಕಾ ಅಕ್ಕ ಈಗಲೂ ಮುಟ್ಟುವುದಿಲ್ಲ. ಬೆಳಿಗ್ಗೆ ನಾನು ಚೀಟಿ ಕೈಗೆತ್ತಿಕೊಂಡ ಕೂಡಲೇ ಬೆನ್ನು ಮಾಡಿಕೊಂಡೇ ಕೇಳುತ್ತಾರೆ.

"ಇವತ್ತು ಎಷ್ಟು?"

"ಮುನ್ನೂರ ಎಂಬತ್ತು."

"ನಿನ್ನೆ?"

"ಮುನ್ನೂರ ಹತ್ತು."

ಐನೂರಕ್ಕೆ ಇನ್ನೂ ನೂರಿಪ್ಪತ್ತು ಬೇಕು. ಅವರು ಹೂಂಗುಟ್ಟಿ, ಬೇರೆ ಯಾರದೋ ಸ್ಲೈಡನ್ನು ಮಸೂರದ ಕೆಳಗೆ ಸರಿಸಿಕೊಳ್ಳುತ್ತಾರೆ.